ದುಡ್ಡಿರುವ ಪರ್ಸ್ ಯಾಕೆ ಜಾಸ್ತಿ ವಾಪಸ್ ಬರುತ್ತದೆ? ಸ್ವಾರ್ಥ, ಪರೋಪಕಾರದ ಒಳಲೆಕ್ಕ

ಹೋಟೆಲ್ ಒಂದರ ಕೌಂಟರಿಗೆ ಅಪರಿಚಿತನೊಬ್ಬ ಬರುತ್ತಾನೆ. 'ಇದು ರಸ್ತೆಯಲ್ಲಿ ಸಿಕ್ಕಿತು. ನನಗೆ ಅರ್ಜೆಂಟಿದೆ, ದಯವಿಟ್ಟು ನೀವೇ ನೋಡ್ಕೊಳ್ಳಿ' ಎಂದು ಒಂದು ಪರ್ಸ್ ಇಟ್ಟು ಹೊರಟುಬಿಡುತ್ತಾನೆ. ಪರ್ಸ್ ಪಾರದರ್ಶಕವಾಗಿದೆ, ಒಳಗಿರುವುದೆಲ್ಲ ಹೊರಗೇ ಕಾಣುತ್ತದೆ. ಕಳೆದುಕೊಂಡವರ ಇಮೇಲ್ ವಿಳಾಸವಿರುವ ವಿಸಿಟಿಂಗ್ ಕಾರ್ಡ್, ದಿನಸಿ ಚೀಟಿ, ಒಂದು ಬೀಗದ ಕೈ. ಕೆಲವು ಪರ್ಸ್‌ಗಳಲ್ಲಿ ಒಂದಿಷ್ಟು ದುಡ್ಡೂ ಇದೆ. ಕೆಲವದರಲ್ಲಿ ಇಲ್ಲ.

ಯಾವ ಪರ್ಸ್‌ನ ಯಜಮಾನರಿಗೆ 'ನಿಮ್ಮದು ಇಲ್ಲಿದೆ, ಬನ್ನಿ' ಎಂಬ ಇಮೇಲ್ ಜಾಸ್ತಿ ಬಂದಿರಬಹುದು?

ದುಡ್ಡಿಲ್ಲದ್ದಕ್ಕೆ ಅಂತ ಅನ್ನಿಸಿತಲ್ವಾ? ದುಡ್ಡಿಲ್ಲದ ಪರ್ಸ್ ಇಟ್ಟುಕೊಂಡು ಯಾರಿಗೇನು ಲಾಭ? ಆದರೆ ಆಗಿದ್ದು ಉಲ್ಟಾ. ಇದು ಕಟ್ಟುಕಥೆಯಲ್ಲ. 40 ದೇಶಗಳ 355 ನಗರಗಳಲ್ಲಿ, 17,000ಕ್ಕೂ ಹೆಚ್ಚು ಪರ್ಸ್‌ಗಳನ್ನು ಹೀಗೆ ಬ್ಯಾಂಕು, ಹೋಟೆಲ್, ಮ್ಯೂಸಿಯಂ, ಅಂಚೆ ಕಚೇರಿಗಳಲ್ಲಿ ಕೊಟ್ಟು ಮಾಡಿದ ಪ್ರಯೋಗ. ಫಲಿತಾಂಶ ಪ್ರಕಟವಾಗಿದ್ದು 2019ರಲ್ಲಿ. ದುಡ್ಡಿಲ್ಲದ ಪರ್ಸ್‌ಗಳ ಬಗ್ಗೆ ಯಜಮಾನರನ್ನು ಸಂಪರ್ಕಿಸಿದವರು ಶೇ 40. ದುಡ್ಡಿದ್ದಾಗ ಶೇ 51. ಅಮೆರಿಕ, ಬ್ರಿಟನ್ ಮತ್ತು ಪೋಲೆಂಡ್‌ನಲ್ಲಿ ಮೊತ್ತವನ್ನು ಇನ್ನಷ್ಟು ಏರಿಸಿ ಸುಮಾರು 94 ಡಾಲರ್ ಇಟ್ಟು ನೋಡಿದರು. ಆಗ ಶೇ 72ಕ್ಕೆ ಹೋಯಿತು. ಮೊದಲೇ ಊಹಿಸಿ ಎಂದು ಅರ್ಥಶಾಸ್ತ್ರಜ್ಞರನ್ನೂ ಕೇಳಿದ್ದರು. ಅವರ ಲೆಕ್ಕವೂ ತಪ್ಪಿತ್ತು.

ಮನುಷ್ಯ ಸ್ವಾರ್ಥಿಯೋ ಒಳ್ಳೆಯವನೋ ಎಂಬ ಹಳೇ ಜಗಳಕ್ಕೆ ಈ ಪ್ರಯೋಗ ಒಂದು ಒಳ್ಳೆ ಬಾಗಿಲು. ಆ ಬೀಗದ ಕೈಯನ್ನು ನೆನಪಿಟ್ಟುಕೊಂಡಿರಿ, ಮುಂದೆ ಬೇಕಾಗುತ್ತದೆ.

ಮೊದಲು ಪದಗಳನ್ನು ಬಿಡಿಸಿಕೊಳ್ಳೋಣ

ಮಾತಿನಲ್ಲಿ ನಾವು ಎರಡು ಸಂಗತಿಗಳನ್ನು ಸೇರಿಸಿ 'ಸ್ವಾರ್ಥ' ಎಂದುಬಿಡುತ್ತೇವೆ. ಹಸಿವಾದಾಗ ಊಟ ಮಾಡುವುದು, ಒಳ್ಳೆ ಸಂಬಳ ಸಿಗುವ ಕೆಲಸ ಹುಡುಕುವುದು ಸ್ವಹಿತ. ಅದರಿಂದ ಯಾರಿಗೂ ನಷ್ಟವಿಲ್ಲ. ಇನ್ನೊಬ್ಬರಿಗೆ ಏನಾದರೂ ಆಗಲಿ, ನನ್ನದು ನಡೆದರೆ ಸಾಕು ಎನ್ನುವುದು ಸ್ವಾರ್ಥ. ಪರೋಪಕಾರ ಎಂದರೆ ನನ್ನ ಕೈಯಿಂದ ಹಣವೋ, ಸಮಯವೋ, ಶ್ರಮವೋ ಏನೋ ಒಂದು ಖರ್ಚಾಗಿ ಇನ್ನೊಬ್ಬರಿಗೆ ಒಳ್ಳೆಯದಾಗುವುದು.

ಇಲ್ಲೊಂದು ತೊಡಕಿದೆ. ಮುಳುಗುತ್ತಿದ್ದವನನ್ನು ಒಬ್ಬ ನೀರಿಗೆ ಹಾರಿ ಕಾಪಾಡಿದ ಎನ್ನಿ. ಪೇಪರಲ್ಲಿ ಫೋಟೋ ಬರಲಿ ಎಂಬ ಆಸೆಯಿಂದಲೇ ಹಾರಿದ್ದ ಎಂದು ಆಮೇಲೆ ಗೊತ್ತಾದರೆ? ಜೀವಶಾಸ್ತ್ರಜ್ಞರು ಮನಸ್ಸಿನೊಳಗೆ ಇಣುಕುವುದಿಲ್ಲ. ಯಾರಿಗೆ ನಷ್ಟ, ಯಾರಿಗೆ ಲಾಭ ಎಂದಷ್ಟೇ ಎಣಿಸುತ್ತಾರೆ. ಮನಶ್ಶಾಸ್ತ್ರಜ್ಞರಿಗೆ ಉದ್ದೇಶವೇ ಮುಖ್ಯ. ಇಬ್ಬರೂ ಒಂದೇ ಪದವನ್ನು ಬೇರೆ ಬೇರೆ ಅರ್ಥದಲ್ಲಿ ಬಳಸುತ್ತಾರೆ, ಅರ್ಧ ಜಗಳ ಹುಟ್ಟುವುದು ಅಲ್ಲೇ. 'ಸ್ವಾಮಿ ಕಾರ್ಯ, ಸ್ವಕಾರ್ಯ ಎರಡೂ ಆಯಿತು' ಎನ್ನುವ ಕನ್ನಡದ ಮಾತು ಎರಡು ಉದ್ದೇಶ ಒಟ್ಟಿಗೇ ಇರಬಹುದು ಎಂದು ಮೊದಲೇ ಒಪ್ಪಿಕೊಂಡಿದೆ.

ಹತ್ತು ನಾಣ್ಯ, ಇಬ್ಬರು ಅಪರಿಚಿತರು

'ನೀವು ಉದಾರಿಯೇ?' ಎಂದು ಕೇಳಿದರೆ ಯಾರು ತಾನೆ ಇಲ್ಲ ಎನ್ನುತ್ತಾರೆ? ಅದಕ್ಕೇ ಸಂಶೋಧಕರು ಪ್ರಶ್ನೆ ಕೇಳುವ ಬದಲು ನಿಜವಾದ ದುಡ್ಡಿಟ್ಟು ಆಟ ಆಡಿಸುತ್ತಾರೆ.

ಅದರಲ್ಲಿ ಹೆಸರಾಂತದ್ದು ಅಲ್ಟಿಮೇಟಂ ಆಟ. 1982ರಲ್ಲಿ ಜರ್ಮನಿಯ ವೆರ್ನರ್ ಗ್ಯೂಟ್ ಮತ್ತು ಸಂಗಡಿಗರು ಇದನ್ನು ಮೊದಲು ಪ್ರಯೋಗಕ್ಕೆ ತಂದರು. ನಿಮಗೆ ಹತ್ತು ನಾಣ್ಯ ಕೊಡುತ್ತಾರೆ. ಪಕ್ಕದ ಕೋಣೆಯಲ್ಲಿರುವ ಅಪರಿಚಿತನಿಗೆ ಅದರಲ್ಲಿ ಎಷ್ಟು ಕೊಡುತ್ತೀರಿ ಎಂದು ಹೇಳಬೇಕು. ಅವನು ಒಪ್ಪಿದರೆ ಇಬ್ಬರಿಗೂ ಅವರವರ ಪಾಲು. 'ಬೇಡ' ಎಂದರೆ ಇಬ್ಬರಿಗೂ ಸೊನ್ನೆ.

ಬರೀ ಲಾಭ ನೋಡುವವನಿಗೆ ಇದು ಸುಲಭದ ಲೆಕ್ಕ. ಒಂದು ನಾಣ್ಯ ಕೊಟ್ಟರೂ ಸೊನ್ನೆಗಿಂತ ಒಂದು ದೊಡ್ಡದು, ಆಚೆಯವನು ಒಪ್ಪಲೇಬೇಕು. ಆದರೆ ಜನ ಹಾಗೆ ಆಡುವುದಿಲ್ಲ. ಸಾಮಾನ್ಯವಾಗಿ ನಾಲ್ಕೋ ಐದೋ ಕೊಡುತ್ತಾರೆ. ಎರಡಕ್ಕಿಂತ ಕಡಿಮೆ ಕೊಟ್ಟರೆ ಸುಮಾರು ಅರ್ಧದಷ್ಟು ಸಲ ಆಚೆಯವರು 'ನಿನ್ನ ದುಡ್ಡು ನೀನೇ ಇಟ್ಕೋ' ಎಂಬಂತೆ ತಿರಸ್ಕರಿಸುತ್ತಾರೆ. ಅನ್ಯಾಯಕ್ಕೆ ತಲೆಬಾಗುವುದಕ್ಕಿಂತ ಬರಿಗೈಲಿ ಹೋಗುವುದೇ ವಾಸಿ ಅನ್ನಿಸುತ್ತದೆ.

ಹಾಗಾದರೆ ಐದು ಕೊಟ್ಟವನು ಉದಾರಿಯೋ, ಅಥವಾ ತಿರಸ್ಕಾರಕ್ಕೆ ಹೆದರಿದವನೋ? ಇದನ್ನು ಬೇರ್ಪಡಿಸಲು 'ಬೇಡ' ಎನ್ನುವ ಹಕ್ಕನ್ನೇ ತೆಗೆದುಹಾಕಿದರು. ಕೊಟ್ಟಷ್ಟನ್ನು ಆಚೆಯವನು ತೆಗೆದುಕೊಳ್ಳಬೇಕು, ಅಷ್ಟೇ. ಇದಕ್ಕೆ ಡಿಕ್ಟೇಟರ್ ಆಟ, ಅಂದರೆ ಸರ್ವಾಧಿಕಾರಿಯ ಆಟ ಎಂದು ಹೆಸರು. ಇಂಥ ನೂರಾರು ಆಟಗಳ ಫಲಿತಾಂಶವನ್ನು ಒಟ್ಟುಗೂಡಿಸಿ 2011ರಲ್ಲಿ ನೋಡಿದಾಗ ಸರಾಸರಿ ಶೇ 28ರಷ್ಟು ಹಣವನ್ನು ಜನ ಕೊಟ್ಟಿದ್ದರು. ಮೂರರಲ್ಲಿ ಒಬ್ಬರಿಗಿಂತ ಸ್ವಲ್ಪ ಜಾಸ್ತಿ ಮಂದಿ ಏನೂ ಕೊಟ್ಟಿರಲಿಲ್ಲ. ಕೊಡದಿದ್ದರೆ ಯಾರೂ ಕೇಳುವವರಿಲ್ಲ, ಆದರೂ ಉಳಿದವರು ಕೊಟ್ಟರು.

ಪರವಾಗಿಲ್ಲ ಮನುಷ್ಯ, ಅನ್ನಿಸುತ್ತದೆ. ಸ್ವಲ್ಪ ತಾಳಿ.

ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ

ಆ ಹತ್ತು ನಾಣ್ಯ ಸುಮ್ನೆ ಸಿಕ್ಕಿದ್ದು. ಬೆವರು ಸುರಿಸಿದ್ದಲ್ಲ. 2002ರ ಒಂದು ಅಮೆರಿಕನ್ ಪ್ರಯೋಗದಲ್ಲಿ ಆಟಗಾರರು ಮೊದಲು ಪರೀಕ್ಷೆ ಬರೆದು ಹಣ ಸಂಪಾದಿಸಬೇಕಿತ್ತು. ಯಾರು ಎಷ್ಟು ಕೊಟ್ಟರೆಂದು ಪ್ರಯೋಗ ಮಾಡುವವರಿಗೂ ಗೊತ್ತಾಗದ ಹಾಗೆ ಏರ್ಪಾಟು ಮಾಡಿದ್ದರು. ಆಗ ಸುಮಾರು ಶೇ 95 ಮಂದಿ ಒಂದು ಕಾಸೂ ಬಿಚ್ಚಲಿಲ್ಲ. ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ಕಿವಿ ಹಿಂಡುವ ಅಂಕಿ ಇದೇ.

ಇನ್ನೊಂದು ಪ್ರಯೋಗ ಇದಕ್ಕಿಂತ ತಮಾಷೆಯದು. 2006ರಲ್ಲಿ ಪ್ರಕಟವಾದದ್ದು. ಆಟಗಾರರ ಕೈಗೆ ಹತ್ತು ಡಾಲರ್ ಕೊಟ್ಟು, ಎಷ್ಟು ಹಂಚುತ್ತೀರಿ ಎಂದು ಕೇಳಿದರು. ಅವರು ಬರೆದುಕೊಟ್ಟ ಮೇಲೆ ಮೆಲ್ಲಗೆ ಇನ್ನೊಂದು ದಾರಿ ತೋರಿಸಿದರು: 'ಬೇಕಿದ್ದರೆ ಒಂಬತ್ತು ಡಾಲರ್ ತಗೊಂಡು ಹೊರಟುಬಿಡಿ. ಇಂಥದ್ದೊಂದು ಆಟ ಇತ್ತು ಅಂತ ಆಚೆಯವರಿಗೆ ಗೊತ್ತೇ ಆಗಲ್ಲ.'

ಲೆಕ್ಕ ಹಾಕಿ ನೋಡಿ. ಪಕ್ಕಾ ಸ್ವಾರ್ಥಿಗೆ ಇದು ನಷ್ಟ. ಆಟದಲ್ಲೇ ಉಳಿದು ಸೊನ್ನೆ ಕೊಟ್ಟಿದ್ದರೆ ಹತ್ತೂ ಅವನದೇ ಆಗುತ್ತಿತ್ತು. ಪರೋಪಕಾರಿಗೂ ನಷ್ಟ. ಒಂಬತ್ತು ತನಗಿಟ್ಟುಕೊಂಡು ಒಂದನ್ನಾದರೂ ಆಚೆಯವನಿಗೆ ಕೊಡಬಹುದಿತ್ತು. ಯಾವ ಲೆಕ್ಕದಲ್ಲೂ ಹೊಂದದ ದಾರಿ ಇದು. ಆದರೂ ನಲವತ್ತು ಜನರಲ್ಲಿ ಹನ್ನೊಂದು ಜನ ಒಂಬತ್ತು ಡಾಲರ್ ಹಿಡಿದು ಹೊರಟರು. ಅಂದರೆ ಕೊಡುವವರಲ್ಲಿ ಒಂದು ಪಾಲು ಜನ ಕೊಡುವುದು ಕೊಡಬೇಕೆಂಬ ಆಸೆಯಿಂದಲ್ಲ. ಕೊಡದಿದ್ದರೆ ಆಚೆಯವನ ಕಣ್ಣಲ್ಲಿ ಸಣ್ಣವರಾಗುತ್ತೇವಲ್ಲ ಎಂಬ ಸಂಕೋಚದಿಂದ. ಆ ಸಂಕೋಚದಿಂದ ತಪ್ಪಿಸಿಕೊಳ್ಳಲು ಒಂದು ಡಾಲರ್ ತೆರಲೂ ಸಿದ್ಧ. ದೇಣಿಗೆ ಡಬ್ಬಿ ಹಿಡಿದವರನ್ನು ದೂರದಿಂದಲೇ ನೋಡಿ ರಸ್ತೆ ದಾಟುವ ಬುದ್ಧಿ ಇದೇ.

ಕಣ್ಣು ಮುಚ್ಚಿಕೊಳ್ಳುವುದು ಇದರದೇ ಇನ್ನೊಂದು ರೂಪ. 2007ರ ಪ್ರಯೋಗದಲ್ಲಿ ಎರಡು ಆಯ್ಕೆ: 'ನಿನಗೆ 6, ಅವನಿಗೆ 1' ಅಥವಾ 'ಇಬ್ಬರಿಗೂ 5'. ಎಲ್ಲ ಗೊತ್ತಿದ್ದಾಗ ನಾಲ್ಕರಲ್ಲಿ ಸುಮಾರು ಮೂರು ಜನ ಎರಡನೆಯದನ್ನೇ ಆರಿಸಿದರು. ಆಮೇಲೆ ಆಚೆಯವನಿಗೆ ಸಿಗುವ ಮೊತ್ತವನ್ನು ಮುಚ್ಚಿಟ್ಟು, ಒಂದು ಬಟನ್ ಒತ್ತಿದರೆ ಕಾಣುತ್ತದೆ ಎಂದರು. ಒತ್ತಲು ಖರ್ಚೇನೂ ಇಲ್ಲ. ಆದರೂ ಶೇ 44 ಜನ ಒತ್ತಲಿಲ್ಲ. ಗೊತ್ತಿಲ್ಲದಿದ್ದರೆ ಮನಸ್ಸು ಚುಚ್ಚುವುದಿಲ್ಲವಲ್ಲ!

ಅವರು ಹಾಕಿದರೆ ನಾನೂ ಹಾಕುತ್ತೇನೆ

ಇಬ್ಬರ ಆಟ ಬಿಟ್ಟು ಗುಂಪಿಗೆ ಬರೋಣ. ತೆರಿಗೆ, ನೀರಿನ ಮಿತ ಬಳಕೆ, ಸಾಂಕ್ರಾಮಿಕ ರೋಗದ ಕಾಲದಲ್ಲಿ ಮಾಸ್ಕ್ ಹಾಕುವುದು, ಎಲ್ಲವೂ ಇದೇ ಆಟದ ಬೇರೆ ಬೇರೆ ವೇಷ.

ನಾಲ್ಕು ಜನ. ಒಬ್ಬೊಬ್ಬರ ಬಳಿ 20 ನಾಣ್ಯ. ನಡುವೆ ಒಂದು ಹುಂಡಿ. ಹುಂಡಿಗೆ ಬಿದ್ದ ಪ್ರತಿ ನಾಣ್ಯಕ್ಕೆ ನಾಲ್ವರಿಗೂ ತಲಾ 0.4 ನಾಣ್ಯ ಸಿಗುತ್ತದೆ, ಹಾಕಿದವರು ಯಾರೇ ಆಗಿರಲಿ. ಎಲ್ಲರೂ ಪೂರ್ತಿ ಹಾಕಿದರೆ 80 ನಾಣ್ಯವಾಯಿತು, ಒಬ್ಬೊಬ್ಬರಿಗೂ 32. ಎಲ್ಲರಿಗೂ ಲಾಭ. ಆದರೆ ಮೂವರು ಹಾಕಿ, ನೀವೊಬ್ಬರು ಜೇಬಿನಲ್ಲೇ ಇಟ್ಟುಕೊಂಡರೆ? ಅವರಿಗೆ ತಲಾ 24. ನಿಮಗೆ ಆ 24 ಜತೆಗೆ ನಿಮ್ಮ 20, ಒಟ್ಟು 44. ಇಂಥವರನ್ನು ಬಿಟ್ಟಿ ಗಿರಾಕಿ ಎನ್ನೋಣ. ಎಲ್ಲರೂ ಬಿಟ್ಟಿ ಗಿರಾಕಿಗಳಾದರೆ ಎಲ್ಲರ ಬಳಿಯೂ ಮೊದಲಿನ 20 ಮಾತ್ರ.

ಅರ್ನ್ಸ್ಟ್ ಫೆರ್ ಮತ್ತು ಸೈಮನ್ ಗೆಖ್ಟರ್ ಎಂಬಿಬ್ಬರು ಅರ್ಥಶಾಸ್ತ್ರಜ್ಞರು 2000ದ ಆಸುಪಾಸಿನಲ್ಲಿ ಇದನ್ನು ಸುತ್ತು ಸುತ್ತಾಗಿ ಆಡಿಸಿದರು. ಇಂಥ ಆಟಗಳಲ್ಲಿ ಮೊದಲ ಸುತ್ತಲ್ಲಿ ಜನ ಸುಮಾರು ಅರ್ಧದಷ್ಟು ಹಾಕುತ್ತಾರೆ. ಆಮೇಲೆ ಪ್ರತಿ ಸುತ್ತಿಗೂ ಇಳಿಯುತ್ತದೆ. ಹತ್ತನೇ ಸುತ್ತಿಗೆ ಹುಂಡಿ ಬಹುಮಟ್ಟಿಗೆ ಖಾಲಿ.

ಯಾಕೆ ಇಳಿಯುತ್ತದೆ? ಎಲ್ಲರೂ ಕೆಟ್ಟವರಾದರು ಎಂದಲ್ಲ. 2001ರ ಒಂದು ಅಧ್ಯಯನ ಇದನ್ನು ಬಿಡಿಸಿ ತೋರಿಸಿತು. ಸುಮಾರು ಅರ್ಧ ಜನರ ನಿಲುವು 'ಬೇರೆಯವರು ಹಾಕಿದರೆ ನಾನೂ ಹಾಕುತ್ತೇನೆ' ಎಂಬುದು. ಸುಮಾರು ಶೇ 30 ಜನ, ಬೇರೆಯವರು ಎಷ್ಟೇ ಹಾಕಲಿ, ತಾವು ಹಾಕುವುದಿಲ್ಲ. ಈ ಎರಡನೇ ಗುಂಪನ್ನು ನೋಡಿ ಮೊದಲನೆಯವರು ಕೈ ಬಿಗಿ ಮಾಡುತ್ತಾರೆ. ಅವರನ್ನು ನೋಡಿ ಇನ್ನೊಬ್ಬರು. ಹೊರಗಿನಿಂದ ನೋಡಿದರೆ ಎಲ್ಲರೂ ಸ್ವಾರ್ಥಿಗಳ ಹಾಗೆ ಕಾಣುತ್ತಾರೆ. ಒಳಗಿರುವುದು ಮೋಸ ಹೋಗಬಾರದೆಂಬ ಹಟ.

ಆಟಕ್ಕೆ ಇನ್ನೊಂದು ನಿಯಮ ಸೇರಿಸಿದಾಗ ಚಿತ್ರ ತಿರುಗಿತು: ಕೈಯಿಂದ ಸ್ವಲ್ಪ ಖರ್ಚು ಮಾಡಿದರೆ ಬಿಟ್ಟಿ ಗಿರಾಕಿಗೆ ದಂಡ ಹಾಕಬಹುದು. 2002ರ ಆಟದಲ್ಲಿ ನಾನು ಒಂದು ಕಳೆದುಕೊಂಡರೆ ಅವನಿಗೆ ಮೂರು ನಷ್ಟ. ಅದೇ ಜನ ಮತ್ತೆ ಒಂದೇ ಗುಂಪಿನಲ್ಲಿ ಸೇರುವುದಿಲ್ಲ, ಆದ್ದರಿಂದ ದಂಡ ಹಾಕಿದವನಿಗೆ ಮುಂದೆ ಯಾವ ಲಾಭವೂ ಇಲ್ಲ. ಆದರೂ ಜನ ಸ್ವಂತ ಖರ್ಚಿನಲ್ಲಿ ದಂಡ ಹಾಕಿದರು, ಹುಂಡಿ ತುಂಬತೊಡಗಿತು. ಸಂಶೋಧಕರು ಇದನ್ನು 'ಪರೋಪಕಾರಿ ಶಿಕ್ಷೆ' ಎಂದು ಕರೆದರು. ಕೋಪದಿಂದ ಮಾಡಿದ್ದನ್ನು ಪರೋಪಕಾರ ಎನ್ನಬಹುದೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಅಂದಹಾಗೆ, 16 ನಗರಗಳಲ್ಲಿ ಈ ಆಟ ಆಡಿಸಿ 2008ರಲ್ಲಿ ಫಲಿತಾಂಶ ಪ್ರಕಟಿಸಿದಾಗ ಇನ್ನೊಂದು ಸಂಗತಿ ಬಯಲಾಯಿತು. ಕೆಲವು ಕಡೆ ಜನ ಜಾಸ್ತಿ ಹಾಕಿದವರಿಗೇ ದಂಡ ಹಾಕಿದ್ದರು! 'ಭಾರಿ ದೊಡ್ಡ ಮನುಷ್ಯ ಬಂದ' ಎಂಬ ಸಿಟ್ಟೋ, ಹಿಂದಿನ ದಂಡಕ್ಕೆ ಸೇಡೋ.

ಇದೆಲ್ಲ ಬಂದದ್ದು ಎಲ್ಲಿಂದ?

ತನ್ನ ಪಾಲನ್ನು ಇನ್ನೊಬ್ಬರಿಗೆ ಕೊಡುವ ಗುಣ ವಿಕಾಸದ ಹಾದಿಯಲ್ಲಿ ಅಳಿದುಹೋಗಬೇಕಿತ್ತಲ್ಲ? ಇದಕ್ಕೆ ಮೂರು ಉತ್ತರಗಳಿವೆ.

ರಕ್ತಸಂಬಂಧ ಮೊದಲನೆಯದು. 1964ರಲ್ಲಿ ವಿಲಿಯಂ ಹ್ಯಾಮಿಲ್ಟನ್ ಇದನ್ನು ಗಣಿತದಲ್ಲಿ ಹೇಳಿದರು. ಹಂಚಿಕೊಂಡ ಜೀನ್‌ಗಳ ಲೆಕ್ಕದಲ್ಲಿ ಒಡಹುಟ್ಟಿದವರ ನಡುವಿನ ನಂಟು ಅರ್ಧ, ಚಿಕ್ಕಪ್ಪ–ದೊಡ್ಡಪ್ಪನ ಮಕ್ಕಳ ಜತೆ ಎಂಟನೇ ಒಂದು. ಅವರಿಗಾಗುವ ಲಾಭವನ್ನು ಈ ನಂಟಿನಿಂದ ಗುಣಿಸಿದಾಗ ನನ್ನ ನಷ್ಟಕ್ಕಿಂತ ಜಾಸ್ತಿ ಬಂದರೆ, ಸಹಾಯ ಮಾಡುವ ಗುಣ ಉಳಿದು ಬೆಳೆಯುತ್ತದೆ.

ಎರಡನೆಯದು ಕೊಡು–ಕೊಳ್ಳುವ ಲೆಕ್ಕ. 1971ರಲ್ಲಿ ರಾಬರ್ಟ್ ಟ್ರಿವರ್ಸ್ ಇದನ್ನು ವಿವರಿಸಿದರು. ಕೆಲವೇ ರಾತ್ರಿ ಹೊಟ್ಟೆಗಿಲ್ಲದಿದ್ದರೆ ಸಾಯುವ ರಕ್ತ ಹೀರುವ ಬಾವಲಿಗಳು ಹಸಿದ ಸಂಗಾತಿಗೆ ತಾವು ಕುಡಿದದ್ದನ್ನೇ ಕಕ್ಕಿ ಕೊಡುತ್ತವೆ. ನಾಳೆ ತನ್ನ ಹೊಟ್ಟೆ ಖಾಲಿಯಿದ್ದಾಗ ಆ ಸಂಗಾತಿ ಒದಗುತ್ತದೆ. ಇಂಥ ಲೆಕ್ಕಕ್ಕೆ ಯಾವ ತಂತ್ರ ಒಳ್ಳೆಯದೆಂದು ನೋಡಲು ರಾಬರ್ಟ್ ಆಕ್ಸೆಲ್‌ರಾಡ್ 1980ರ ಸುಮಾರಿಗೆ ಕಂಪ್ಯೂಟರ್ ಪ್ರೋಗ್ರಾಂಗಳ ಪಂದ್ಯವನ್ನೇ ನಡೆಸಿದರು. ಗೆದ್ದದ್ದು ಅನಟೋಲ್ ರಾಪೊಪೋರ್ಟ್ ಕಳಿಸಿದ ಪುಟ್ಟ ಪ್ರೋಗ್ರಾಂ. ಮೊದಲು ಸಹಕರಿಸು, ಆಮೇಲೆ ಎದುರಿನವನು ಹಿಂದಿನ ಸಲ ಮಾಡಿದ್ದನ್ನೇ ಮಾಡು. ನಮ್ಮ ಭಾಷೆಯಲ್ಲಿ ಮುಯ್ಯಿಗೆ ಮುಯ್ಯಿ. ಎರಡನೇ ಸಲ ಅರವತ್ತಕ್ಕೂ ಹೆಚ್ಚು ಪ್ರೋಗ್ರಾಂಗಳು ಇದನ್ನು ಸೋಲಿಸಲೆಂದೇ ಬಂದವು. ಮತ್ತೆ ಇದೇ ಗೆದ್ದಿತು.

ಮೂರನೆಯದು ಹೆಸರು. ನೀವು ನನಗೆ ಮಾಡಿದ ಸಹಾಯವನ್ನು ನಾನೇ ತೀರಿಸಬೇಕೆಂದಿಲ್ಲ. ಅದನ್ನು ಕಂಡವರು, ಕೇಳಿದವರು ನಿಮ್ಮನ್ನು ನಂಬುತ್ತಾರೆ. ಮನುಷ್ಯರು ಇಷ್ಟೊಂದು ಪರರ ಸುದ್ದಿ ಮಾತಾಡುವುದಕ್ಕೆ ಇದೂ ಒಂದು ಕಾರಣ ಇರಬಹುದು.

ಖುಷಿ ಸಿಕ್ಕಿದರೆ ಅದೂ ಸ್ವಾರ್ಥವೇ?

'ಕೊಟ್ಟರೆ ನಿನಗೇ ಖುಷಿ ಆಗುತ್ತಲ್ಲ, ಅದಕ್ಕೇ ಕೊಡ್ತೀಯ' ಎಂಬ ವಾದ ಕೇಳಿರುತ್ತೀರಿ. ಖುಷಿ ಆಗುವುದು ನಿಜ. ದೇಣಿಗೆ ಕೊಡುವಾಗ ಮಿದುಳನ್ನು ಸ್ಕ್ಯಾನ್ ಮಾಡಿದ ಅಧ್ಯಯನಗಳಲ್ಲಿ, ನಮಗೇ ದುಡ್ಡು ಬಂದಾಗ ಚುರುಕಾಗುವ ಭಾಗಗಳು ಕೊಟ್ಟಾಗಲೂ ಚುರುಕಾಗಿದ್ದವು. ಆದರೆ ಖುಷಿ ಆಗುವುದು ಬೇರೆ, ಖುಷಿಗಾಗಿಯೇ ಮಾಡುವುದು ಬೇರೆ.

ಇದನ್ನು ಪರೀಕ್ಷಿಸಲು ಡೇನಿಯಲ್ ಬ್ಯಾಟ್ಸನ್ 1981ರಲ್ಲಿ ಒಂದು ಜಾಣ ಏರ್ಪಾಟು ಮಾಡಿದರು. ಎಲೇನ್ ಎಂಬ ಹೆಸರಿನ ಹುಡುಗಿಗೆ ಕರೆಂಟ್ ಶಾಕ್ ಕೊಡುತ್ತಿರುವುದನ್ನು ಜನ ನೋಡಬೇಕಿತ್ತು. ಶಾಕ್ ಬರೀ ನಟನೆ, ಆದರೆ ನೋಡುವವರಿಗೆ ಅದು ಗೊತ್ತಿಲ್ಲ. ಅವಳ ಜಾಗದಲ್ಲಿ ನೀವು ಕೂರುತ್ತೀರಾ ಎಂದು ಕೇಳಿದರು. ಬೇಡವೆಂದರೆ ಎದ್ದು ಹೋಗಬಹುದು, ಮುಂದೆ ನೋಡುವ ಸಂಕಟವಿಲ್ಲ. ಬರೀ ತಮ್ಮ ಸಂಕಟ ಕಳೆದುಕೊಳ್ಳಲು ಸಹಾಯ ಮಾಡುವವರಾದರೆ ಎದ್ದು ಹೋಗುವುದೇ ಸುಲಭ. ಎಲೇನ್ ತನ್ನಂಥವಳಲ್ಲ ಎಂದುಕೊಂಡವರಲ್ಲಿ ಹೆಚ್ಚಿನವರು ಹಾಗೇ ಮಾಡಿದರು, ಒಪ್ಪಿದವರು ಶೇ 18 ಮಾತ್ರ. ಅವಳೂ ತನ್ನಂಥವಳೇ ಎಂದು ಮರುಗಿದವರಲ್ಲಿ ಶೇ 91 ಮಂದಿ ಒಪ್ಪಿದರು. ಬಾಗಿಲು ತೆರೆದೇ ಇತ್ತು, ಹೋಗಲಿಲ್ಲ.

ಇದರಿಂದ ವಾದ ಮುಗಿದಿಲ್ಲ. ಆದರೆ 'ಎಲ್ಲವೂ ಸ್ವಾರ್ಥ' ಎನ್ನುವವರು ಈ ಫಲಿತಾಂಶಕ್ಕೂ ವಿವರಣೆ ಕೊಡಬೇಕಾಗುತ್ತದೆ.

ಅದೇ ಮನುಷ್ಯ, ಬೇರೆ ಸನ್ನಿವೇಶ

ಗುಣಕ್ಕಿಂತ ಗಡಿಯಾರ ಜಾಸ್ತಿ ಕೆಲಸ ಮಾಡುವುದೂ ಉಂಟು. 1973ರಲ್ಲಿ ಬ್ಯಾಟ್ಸನ್ ಮತ್ತು ಜಾನ್ ಡಾರ್ಲಿ ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಪಾದ್ರಿಯಾಗಲು ಓದುತ್ತಿದ್ದ ವಿದ್ಯಾರ್ಥಿಗಳನ್ನು ಒಂದು ಕಟ್ಟಡದಿಂದ ಇನ್ನೊಂದಕ್ಕೆ ಕಳಿಸಿದರು. ದಾರಿಯಲ್ಲಿ ಒಬ್ಬ ಕುಸಿದು ಕೆಮ್ಮುತ್ತಿದ್ದ. ಸಮಯವಿದ್ದವರಲ್ಲಿ ಶೇ 63 ಜನ ನೆರವಾದರು. 'ಬೇಗ ಹೋಗಿ, ಈಗಾಗಲೇ ತಡವಾಗಿದೆ' ಎನ್ನಿಸಿಕೊಂಡವರಲ್ಲಿ ಶೇ 10. ಅವರಲ್ಲಿ ಕೆಲವರು ಹೊರಟಿದ್ದು ದಾರಿಯಲ್ಲಿ ಬಿದ್ದವನಿಗೆ ನೆರವಾದವನ ಬೈಬಲ್ ಕಥೆಯ ಬಗ್ಗೆಯೇ ಮಾತಾಡಲು!

ಜನ ಜಾಸ್ತಿಯಾದರೆ ನೆರವು ಜಾಸ್ತಿಯಾಗುತ್ತದೆ ಎಂದೂ ಇಲ್ಲ. 1968ರ ಪ್ರಯೋಗದಲ್ಲಿ ಇನ್ನೊಬ್ಬರಿಗೆ ಮೂರ್ಛೆ ಬಂದಂತೆ ಮೈಕ್‌ನಲ್ಲಿ ಕೇಳಿಸಿದಾಗ, ತಾನೊಬ್ಬನೇ ಕೇಳಿಸಿಕೊಳ್ಳುತ್ತಿದ್ದೇನೆ ಎಂದುಕೊಂಡವರಲ್ಲಿ ಶೇ 85 ಜನ ಬೇಗನೆ ನೆರವಿಗೆ ಧಾವಿಸಿದರು. ಇನ್ನೂ ನಾಲ್ಕು ಜನ ಕೇಳುತ್ತಿದ್ದಾರೆ ಎಂದುಕೊಂಡವರಲ್ಲಿ ಶೇ 31. ಹತ್ತು ಜನರ ಮಧ್ಯೆ ಹಾವು ಸಾಯಲ್ಲ ಎನ್ನುವುದಿಲ್ಲವೇ?

ದುಡ್ಡಿನ ಮಾತು ನಡುವೆ ಬಂದರೂ ಲೆಕ್ಕ ಬದಲಾಗುತ್ತದೆ. ಇಸ್ರೇಲ್‌ನ ಹೈಫಾದಲ್ಲಿ ಮಕ್ಕಳನ್ನು ಕರೆದೊಯ್ಯಲು ತಡವಾಗಿ ಬರುವ ಪೋಷಕರಿಗೆ ಕೆಲವು ಡೇ ಕೇರ್‌ಗಳು ದಂಡ ಹಾಕಿದವು. 2000ದಲ್ಲಿ ಇದರ ವಿವರ ಪ್ರಕಟವಾಯಿತು. ತಡ ಮಾಡುವವರು ಕಡಿಮೆಯಾಗಲಿಲ್ಲ, ಹೆಚ್ಚುಕಡಿಮೆ ಎರಡು ಪಟ್ಟಾದರು. ಮೊದಲು 'ಪಾಪ, ಟೀಚರ್ ಕಾಯುತ್ತಿರುತ್ತಾರೆ' ಎಂಬ ಅಳುಕಿತ್ತು. ಈಗ ಅದಕ್ಕೊಂದು ರೇಟು ಬಂತು, ಕೊಟ್ಟರೆ ಮುಗಿಯಿತು. ದಂಡ ತೆಗೆದ ಮೇಲೂ ಹಳೇ ಅಳುಕು ವಾಪಸ್ ಬರಲಿಲ್ಲ.

ಈಗ ಆ ಬೀಗದ ಕೈ

ಪರ್ಸ್‌ನಲ್ಲಿದ್ದ ದುಡ್ಡು ಸಿಕ್ಕಿದವರಿಗೂ ಬೆಲೆಬಾಳುವಂಥದ್ದು. ಬೀಗದ ಕೈ ಹಾಗಲ್ಲ. ಅದು ಕಳೆದುಕೊಂಡವರಿಗೆ ಮಾತ್ರ ಬೇಕಾದದ್ದು. ಹಾಗಾಗಿ ಸಂಶೋಧಕರು ಅಮೆರಿಕ, ಬ್ರಿಟನ್, ಪೋಲೆಂಡ್‌ಗಳಲ್ಲಿ ಕೆಲವು ಪರ್ಸ್‌ಗಳಿಂದ ಬೀಗದ ಕೈಯನ್ನಷ್ಟೇ ತೆಗೆದು ನೋಡಿದರು. ದುಡ್ಡು ಅಷ್ಟೇ ಇತ್ತು. ವಾಪಸ್ ಬರುವ ಪರ್ಸ್‌ಗಳು ಕಡಿಮೆಯಾದವು. ಕಳೆದುಕೊಂಡವರ ಪೇಚಾಟ ಜನರ ಮನಸ್ಸಿಗೆ ತಟ್ಟಿತ್ತು ಎನ್ನಲು ಇದು ಸಾಕ್ಷಿ.

ಆದರೆ ಬರೀ ಆ ಮರುಕವೇ ಆಗಿದ್ದರೆ, ದುಡ್ಡು ಏರಿದ ಹಾಗೆ ಅದನ್ನು ಇಟ್ಟುಕೊಳ್ಳುವ ಆಸೆಯೂ ಏರಿ, ಮರುಕ, ಆಸೆ ಎರಡೂ ಸರಿದೂಗಬೇಕಿತ್ತು. ಸಂಶೋಧಕರ ವಿವರಣೆ ಹೀಗಿದೆ. ಖಾಲಿ ಪರ್ಸ್ ಇಟ್ಟುಕೊಂಡರೆ 'ಮರೆತುಹೋಯಿತು' ಎಂದು ನಮಗೆ ನಾವೇ ಹೇಳಿಕೊಳ್ಳಬಹುದು. 94 ಡಾಲರ್ ಇರುವ ಪರ್ಸ್ ಇಟ್ಟುಕೊಂಡರೆ ಹಾಗೆ ಹೇಳಿಕೊಳ್ಳಲಾಗದು. ಅದಕ್ಕೆ ಇರುವ ಹೆಸರು ಒಂದೇ, ಕಳ್ಳತನ. ಮೊತ್ತ ಹೆಚ್ಚಿದಷ್ಟೂ ಆ ಹೆಸರು ನಮಗೇ ಅಂಟಿಕೊಳ್ಳುತ್ತದೆ. ಒಂಬತ್ತು ಡಾಲರ್ ಹಿಡಿದು ಹೊರಟ ಆ ಹನ್ನೊಂದು ಜನರೂ, 94 ಡಾಲರ್ ವಾಪಸ್ ಕೊಟ್ಟ ಕೌಂಟರಿನವರೂ ಓಡಿ ತಪ್ಪಿಸಿಕೊಳ್ಳುತ್ತಿದ್ದದ್ದು ಬಹುಶಃ ಒಂದೇ ರೀತಿಯ ಇರಿಸುಮುರಿಸಿನಿಂದ. ಒಬ್ಬರ ಪಾಲಿಗೆ ಅದು ಕೊಡದೇ ಜಾರಿಕೊಳ್ಳುವ ದಾರಿಯಾಯಿತು, ಇನ್ನೊಬ್ಬರ ಪಾಲಿಗೆ ಕುಳಿತು ಇಮೇಲ್ ಬರೆಯುವ ಕಾರಣವಾಯಿತು.